ಪರದೇಶದ ಹಬ್ಬದಲ್ಲಿ ರೊಮೇನಿಯಾದ ಕೈಕಸುಬು, ಹಾಡು, ಕುಣಿತ: ಸ್ಟಾಲ್ ಹಾಕುವುದು ಹೇಗೆ?

ಕೆಲವು ವರ್ಷ ರೊಮೇನಿಯಾದ ಕ್ಲುಜ್ ನಗರದಲ್ಲಿ ಕೆಲಸ ಮಾಡಿದೆ. ಈಗ ಇಂಗ್ಲೆಂಡಿನ ಒಂದು ಸಣ್ಣ ಊರಲ್ಲಿದ್ದೇನೆ. ಬೇಸಿಗೆಯಲ್ಲಿ ಇಲ್ಲಿ ಎಲ್ಲ ದೇಶದವರೂ ಸೇರುವ ಹಬ್ಬವೊಂದು ನಡೆಯುತ್ತದೆ. ಇಲ್ಲಿನ ರೊಮೇನಿಯನ್ ಗೆಳೆಯರು ಅಲ್ಲಿ ಸ್ಟಾಲ್ ಹಾಕುತ್ತಾರೆ, ನಾನು ಅವರ ಜೊತೆ ನಿಲ್ಲುತ್ತೇನೆ. ಇದನ್ನು ಕಂಡ ಕನ್ನಡದವರೆಲ್ಲ ಕೇಳುವುದು ಒಂದೇ. ಒಬ್ಬರ ಮನೆಗೆ ರೊಮೇನಿಯಾದ ಸೊಸೆ ಬಂದಿದ್ದಾಳೆ. ಇನ್ನೊಬ್ಬರು ಬುಕಾರೆಸ್ಟ್‌ನಲ್ಲಿ ಓದಿ ಬಂದವರು. ಮತ್ತೊಬ್ಬರು ತಮ್ಮೂರಿನ ಹಬ್ಬದ ಕಮಿಟಿಯಲ್ಲಿದ್ದಾರೆ, ಪಕ್ಕದ ಮನೆಯ ರೊಮೇನಿಯನ್ ಕುಟುಂಬಕ್ಕೆ ನೆರವಾಗಬೇಕು ಅಂತ ಆಸೆ. ಎಲ್ಲರ ಪ್ರಶ್ನೆಯೂ "ಎಲ್ಲಿಂದ ಶುರು ಮಾಡೋದು?" ಅನ್ನುವುದೇ. ಅದಕ್ಕೇ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಸ್ಟಾಲ್ ಅಂದರೆ ಟೇಬಲ್ ಮೇಲೆ ಸಾಮಾನು ಜೋಡಿಸಿಟ್ಟು ಹಿಂದೆ ಕೂರುವುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಂಥ ಸ್ಟಾಲಿನ ಮುಂದೆ ಜನ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಬಂದವರ ಕೈಗೆ ದಾರ ಕೊಡಿ, ಮೇಣ ಕೊಡಿ, ಕೈ ಹಿಡಿದು ಕುಣಿಸಿ, ಆಗ ನಿಲ್ಲುತ್ತಾರೆ. ಈ ಲೇಖನದ ಎಲ್ಲ ಹಂತಗಳೂ ಆ ಒಂದು ಗುರಿಗಾಗಿಯೇ ಇವೆ.

ಏನೇನು ಬೇಕು?

ಕನಿಷ್ಠ ನಾಲ್ಕು ಜನ. ಅವರಲ್ಲಿ ಇಬ್ಬರಾದರೂ ರೊಮೇನಿಯಾದವರೇ ಇರಬೇಕು, ಮತ್ತೆ ಮಾತು ಅವರದ್ದೇ ಮುಂದಿರಬೇಕು. ನಾವು ಹೊರಗಿನವರು. ಸಾಮಾನು ಹೊರುವುದು, ಫಾರ್ಮ್ ತುಂಬುವುದು, ಮಕ್ಕಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಎರಡು ಉದ್ದ ಟೇಬಲ್, ಮೂರು ಮೀಟರ್ ಚದರದ ಒಂದು ಟೆಂಟು, ನಾಲ್ಕು ಕುರ್ಚಿ. ತಯಾರಿಗೆ ಮೂರರಿಂದ ಆರು ತಿಂಗಳು ಸಮಯ ಇಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಮಾಡ್ತೀವಿ ಅಂದರೆ ಆಗುತ್ತದೆ, ಆದರೆ ಕುಶಲಕರ್ಮಿಗಳಿಂದ ಒಳ್ಳೆಯ ಸಾಮಾನು ತರಿಸಲು ಆಗುವುದಿಲ್ಲ.

ಹಂತ 1: ಇಡೀ ದೇಶ ಬೇಡ, ಒಂದು ಸೀಮೆ ಆರಿಸಿಕೊಳ್ಳಿ

ಇಲ್ಲೇ ಹೆಚ್ಚಿನವರು ಎಡವುವುದು. ಒಂದು ಟೇಬಲ್ ಮೇಲೆ ಇಡೀ ರೊಮೇನಿಯಾ ತರಲು ಹೋಗುತ್ತಾರೆ. ನಮ್ಮಲ್ಲಿ ಕೊಡಗಿನ ಸೀರೆ, ಇಳಕಲ್ ಸೀರೆ, ಯಕ್ಷಗಾನದ ಕಿರೀಟ ಎಲ್ಲವನ್ನೂ ಒಬ್ಬರ ಮೈಮೇಲೇ ಹಾಕಿದರೆ ಹೇಗಿರುತ್ತದೆ? ಅಲ್ಲಿಯೂ ಹಾಗೆಯೇ. ಒಂದು ಸೀಮೆಯ ಅಂಗಿಗೆ ಇನ್ನೊಂದು ಸೀಮೆಯ ಸೊಂಟಪಟ್ಟಿ ಕಟ್ಟಿದರೆ ಅಲ್ಲಿನ ಅಜ್ಜಿಯರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಬುಕೊವಿನಾ ಆರಿಸಿದರೆ ಬಣ್ಣದ ಮೊಟ್ಟೆಗಳು ಸಿಗುತ್ತವೆ, ಮಾರ್ಜಿನೆಯ ಅನ್ನುವ ಊರಿನ ಕರಿ ಮಡಕೆಗಳೂ ಸಿಗುತ್ತವೆ. ಆ ಕಪ್ಪು ಬಣ್ಣ ಹಚ್ಚಿದ್ದಲ್ಲ. ಆವಿಗೆಗೆ ಗಾಳಿಯಾಡದ ಹಾಗೆ ಮುಚ್ಚಿ ಸುಡುವುದರಿಂದ ಬರುವ ಬಣ್ಣ ಅದು. ಸುಡುವ ಮೊದಲು ನುಣುಪು ಕಲ್ಲಿನಿಂದ ಉಜ್ಜಿದ ಗೆರೆಗಳು ಆಮೇಲೆ ಹೊಳೆಯುತ್ತವೆ. ಒಲ್ಟೇನಿಯಾ ಆರಿಸಿದರೆ ಹೋರೆಜು ಊರಿನ ತಟ್ಟೆಗಳಿವೆ. ಈ ಕುಂಬಾರಿಕೆ 2012ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ (ಅಂದರೆ ಕಲೆ, ಕಸುಬು, ಆಚರಣೆಗಳ) ಪಟ್ಟಿಗೆ ಸೇರಿತು. ಅಲ್ಲಿ ಗೂಳಿಯ ಕೊಂಬಿನಿಂದ ಬಣ್ಣದ ಮಣ್ಣನ್ನು ತಟ್ಟೆಯ ಮೇಲೆ ಹನಿಸುತ್ತಾರೆ. ಅದು ಒಣಗುವ ಮೊದಲೇ ತುದಿಯಲ್ಲಿ ಸಣ್ಣ ತಂತಿಯಿರುವ ಕಡ್ಡಿಯಿಂದ ಎಳೆದು ಜೇಡರ ಬಲೆಯಂಥ ಗೆರೆ ಬಿಡಿಸುತ್ತಾರೆ. ತಟ್ಟೆಯ ನಡುವಿನ ಹುಂಜವೇ ಆ ಊರಿನ ಗುರುತು. ಮರಮುರೆಶ್ ಆದರೆ ಮರದ ಕೆತ್ತನೆ, ಜೊತೆಗೆ ಪಿಟೀಲು, ಗಿಟಾರು, ಡೋಲು ಸೇರಿದ ಸಂಗೀತ. ಅಲ್ಲಿನವರು ಇವನ್ನು ಚೆತೆರ, ಜೊಂಗೊರ, ದೋಬ ಅನ್ನುತ್ತಾರೆ.

ನಿಮ್ಮ ತಂಡದವರು ಯಾವ ಸೀಮೆಯವರೋ ಅದನ್ನೇ ಆರಿಸಿ. ಅಜ್ಜಿ ಮನೆಯ ಕಥೆ ಹೇಳಬಲ್ಲವರು ಇದ್ದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಎಚ್ಚರಿಕೆ. ಟ್ರಾನ್ಸಿಲ್ವೇನಿಯಾ ಸೀಮೆಯಲ್ಲಿ ರೊಮೇನಿಯನ್ನರಷ್ಟೇ ಅಲ್ಲ, ಹಂಗೇರಿಯನ್ನರು, ಜರ್ಮನ್ ಮೂಲದ ಸ್ಯಾಕ್ಸನ್ನರು, ಹಿಂದೆ ಜಿಪ್ಸಿಗಳು ಅನ್ನುತ್ತಿದ್ದ ರೋಮಾ ಜನ ಎಲ್ಲರೂ ಇದ್ದಾರೆ. ಅಲ್ಲಿನ ಕೊರುಂಡ್ ಊರಿನ ಮಡಕೆ ಇಟ್ಟರೆ ಅದು ಹಂಗೇರಿಯನ್ ಮಾತಾಡುವ ಕುಂಬಾರರದ್ದು ಅಂತ ಬರೆದೇ ಇಡಿ. ಇದನ್ನು ಮರೆತರೆ ಬೇಜಾರು ಮಾಡಿಕೊಳ್ಳುವವರು ಹಬ್ಬದಲ್ಲೇ ಇರುತ್ತಾರೆ.

ಹಂತ 2: ಸಂಘಟಕರ ಜೊತೆ ಮಾತು

ಅರ್ಜಿ ಹಾಕುವಾಗ ಈ ಪ್ರಶ್ನೆಗಳನ್ನು ಬರೆದುಕೊಂಡು ಕೇಳಿ. ಕರೆಂಟ್ ಇದೆಯಾ, ಎಷ್ಟು ದೂರದಲ್ಲಿ? ಮಾರಾಟಕ್ಕೆ ಅನುಮತಿ ಇದೆಯಾ, ಬರೀ ಪ್ರದರ್ಶನವಾ? ಗಾಡಿ ಒಳಗೆ ಎಷ್ಟು ಗಂಟೆವರೆಗೆ ಬಿಡುತ್ತಾರೆ? ದೊಡ್ಡ ಸ್ಪೀಕರ್ ಎಲ್ಲಿ ನಿಲ್ಲಿಸುತ್ತಾರೆ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಸ್ಪೀಕರ್ ಪಕ್ಕ ಜಾಗ ಸಿಕ್ಕಿದರೆ ಇಡೀ ದಿನ ಕಿರುಚಿಕೊಂಡೇ ಮಾತಾಡಬೇಕು, ಕೊಳಲಿನ ದನಿಯಂತೂ ಯಾರಿಗೂ ಕೇಳಿಸುವುದಿಲ್ಲ.

ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಎರಡು ಕಾಗದ ಕೇಳುತ್ತಾರೆ. ಒಂದು ಪಬ್ಲಿಕ್ ಲಯಬಿಲಿಟಿ ವಿಮೆ, ಅಂದರೆ ನಿಮ್ಮ ಸ್ಟಾಲಿನಿಂದ ಯಾರಿಗಾದರೂ ಪೆಟ್ಟಾದರೆ ಅದಕ್ಕೆ ರಕ್ಷಣೆ. ಇನ್ನೊಂದು ರಿಸ್ಕ್ ಅಸೆಸ್ಮೆಂಟ್, ಅಂದರೆ ಏನೇನು ಅಪಾಯ ಆಗಬಹುದು, ಅದಕ್ಕೆ ನೀವು ಏನು ಮಾಡಿದ್ದೀರಿ ಅನ್ನುವ ಪಟ್ಟಿ. ಬಿಸಿ ಮೇಣ, ಸೂಜಿ, ಟೆಂಟಿನ ಹಗ್ಗ ಎಲ್ಲವನ್ನೂ ಅದರಲ್ಲಿ ಬರೆಯಿರಿ. ಬರೆಯದೆ ಬಿಟ್ಟ ಕೆಲಸವನ್ನು ಹಬ್ಬದ ದಿನ ನಿಲ್ಲಿಸಿಬಿಡುತ್ತಾರೆ.

ತಿಂಡಿ ಮಾರುವ ಆಸೆ ಇದ್ದರೆ ಈ ಸಲ ಬಿಡಿ. ಅದಕ್ಕೆ ಬೇರೆ ನೋಂದಣಿ, ಬೇರೆ ತಪಾಸಣೆ, ಬೇರೆ ಜನ ಬೇಕು.

ಹಂತ 3: ಸಾಮಾನು ಗಡಿ ದಾಟಿಸುವುದು

ರೊಮೇನಿಯಾ ಯುರೋಪಿಯನ್ ಒಕ್ಕೂಟದಲ್ಲಿದೆ. ಹಬ್ಬ ಜರ್ಮನಿಯಲ್ಲೋ ಇಟಲಿಯಲ್ಲೋ ಆದರೆ ಸುಂಕದ ತಲೆನೋವಿಲ್ಲ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಆದರೆ ಸಾಮಾನನ್ನು ಮೊದಲೇ ಎರಡು ಪಾಲು ಮಾಡಿಕೊಳ್ಳಿ. ತೋರಿಸಿ ವಾಪಸ್ ಒಯ್ಯುವುದು ಒಂದು ಪಾಲು, ಮಾರುವುದು ಇನ್ನೊಂದು.

ವಾಪಸ್ ಹೋಗುವ ಸಾಮಾನಿಗೆ ಎಟಿಎ ಕಾರ್ನೆ ಅಂತ ಒಂದು ಪತ್ರ ಸಿಗುತ್ತದೆ. ಸಾಮಾನಿಗೆ ಕೊಡುವ ಪಾಸ್‌ಪೋರ್ಟ್ ಅಂದುಕೊಳ್ಳಿ. ಕಳಿಸುವ ದೇಶದ ವಾಣಿಜ್ಯ ಮಂಡಳಿ ಇದನ್ನು ಕೊಡುತ್ತದೆ, ಒಂದು ವರ್ಷದವರೆಗೆ ನಡೆಯುತ್ತದೆ. ಪಟ್ಟಿಯಲ್ಲಿರುವ ಒಂದೊಂದು ವಸ್ತುವೂ ವಾಪಸ್ ಹೋಗಲೇಬೇಕು. ಯಾರೋ ತುಂಬಾ ಇಷ್ಟಪಟ್ಟರು ಅಂತ ಆ ಪಟ್ಟಿಯ ಅಂಗಿಯನ್ನು ಮಾರಿಬಿಟ್ಟರೆ ಆಮೇಲೆ ಸುಂಕ, ದಂಡ ಎರಡೂ ಬರುತ್ತದೆ. ಮಾರುವ ಸಾಮಾನಿಗೆ ಬೇರೆಯಾಗಿ ಆಮದು ಕಾಗದ ಮಾಡಿಸಿ.

ಮರ, ಹುಲ್ಲು, ಗರಿ, ಕುರಿ ಚರ್ಮ, ಮೊಟ್ಟೆಯ ಚಿಪ್ಪು ಇದ್ದರೆ ಹೋಗುವ ದೇಶದ ನಿಯಮ ಮೊದಲೇ ಓದಿ. ಆಸ್ಟ್ರೇಲಿಯಾದಲ್ಲಿ ಇವನ್ನು ಇಳಿದ ಕೂಡಲೇ ಘೋಷಿಸಬೇಕು, ಮುಚ್ಚಿಟ್ಟರೆ ದಂಡ ಹಾಕುತ್ತಾರೆ. ಮೊಟ್ಟೆಗಳನ್ನು ಯಾವತ್ತೂ ಲಗೇಜಿಗೆ ಹಾಕಬೇಡಿ. ಮೊಟ್ಟೆ ಟ್ರೇಗೆ ಹತ್ತಿ ತುಂಬಿ, ಟ್ರೇಯನ್ನು ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ತನ್ನಿ. ಹಳೆಯ ವಾದ್ಯದಲ್ಲಿ ದಂತ ಅಥವಾ ಆಮೆಚಿಪ್ಪು ಕೂರಿಸಿದ್ದರೆ ಅದನ್ನು ಮನೆಯಲ್ಲೇ ಬಿಡಿ. ವನ್ಯಜೀವಿ ಕಾನೂನಿನ ತೊಡಕು ತುಂಬಾ ದೊಡ್ಡದು.

ಹಂತ 4: ಅಂಗಿ ತೋರಿಸುವ ಬಗೆ

ರೊಮೇನಿಯಾ ಅಂದರೆ ಮೊದಲು ಕಣ್ಣಿಗೆ ಬರುವುದು ಹೆಂಗಸರ ಬಿಳಿ ಕಸೂತಿ ಅಂಗಿ. ಹೆಸರು ಇಯೆ. ಇದಕ್ಕೆ ಒಳ್ಳೆಯ ಜಾಗ ಕೊಡಿ, ಯಾಕೆಂದರೆ ಇದರ ಬಗ್ಗೆ ಹೇಳುವುದು ಬೇಕಾದಷ್ಟಿದೆ.

ತೋಳಿನ ಮೇಲೆ ಮೂರು ಭಾಗ ತೋರಿಸಿ. ಭುಜದ ಮೇಲೆ ದಟ್ಟವಾಗಿ ತುಂಬಿದ ಕಸೂತಿ ಅಲ್ಟಿತ್ಸ. ಅದರ ಕೆಳಗಿನ ಒಂದೇ ಬಣ್ಣದ ಪಟ್ಟಿ ಇನ್‌ಕ್ರೆತ್ಸ್. ಅಲ್ಲಿಂದ ಕೈವರೆಗೆ ಇಳಿಯುವ ಸಾಲುಗಳಿಗೆ ಅವರು ಇಟ್ಟಿರುವ ಹೆಸರಿನ ಅರ್ಥವೇ ನದಿಗಳು. ಭುಜದಿಂದ ನದಿ ಹರಿದು ಬಂದಂತೆ. ಇದನ್ನು ಬೆರಳಿಟ್ಟು ತೋರಿಸಿದರೆ ಸುಮ್ನೆ ಹಾದುಹೋಗುತ್ತಿದ್ದವರೂ ನಿಂತು ಕೇಳುತ್ತಾರೆ. ಈ ಭುಜದ ಕಸೂತಿಯ ಅಂಗಿಯ ಕಲೆಯನ್ನು 2022ರಲ್ಲಿ ರೊಮೇನಿಯಾ ಮತ್ತು ಮಾಲ್ಡೋವಾ ಎರಡರ ಹೆಸರಲ್ಲೂ ಯುನೆಸ್ಕೊ ಪಟ್ಟಿಗೆ ಸೇರಿಸಿದರು. ಆದ್ದರಿಂದ "ಇದು ಬರೀ ನಮ್ಮದು" ಅಂತ ಬೋರ್ಡ್ ಹಾಕಬೇಡಿ. ಮಾಲ್ಡೋವಾದವರು ಬಂದರೆ ಅವರನ್ನೂ ಒಳಗೆ ಕರೆಯಿರಿ. ಜೂನ್ 24ನ್ನು ಈ ಅಂಗಿಯ ದಿನ ಅಂತ 2013ರಿಂದ ಆಚರಿಸುತ್ತಿದ್ದಾರೆ. ಹಬ್ಬ ಆ ಆಸುಪಾಸಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಭಾರತದವರು ಬಂದಾಗ ನಾನು ಧಾರವಾಡ ಕಡೆಯ ಕಸೂತಿಯ ಮಾತು ತೆಗೆಯುತ್ತೇನೆ. ಅಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಸೂಜಿ ಹಾಕುತ್ತಾರೆ, ಅಲ್ವಾ? ಇಯೆಯಲ್ಲೂ ಹಾಗೆಯೇ ಎಳೆ ಎಣಿಸುತ್ತಾರೆ. ಅಂಗಿಯನ್ನು ತಿರುಗಿಸಿ ಒಳಮೈ ತೋರಿಸಿ. ಹೆಣೆದವರ ಕೈ ಎಷ್ಟು ಪಳಗಿದ್ದು ಅಂತ ಒಳಗಡೆಯೇ ಗೊತ್ತಾಗುವುದು. ಯಂತ್ರದ ಕಸೂತಿಯಲ್ಲಿ ಹಿಂದೆ ಬಿಳಿ ದಾರದ ಪೊರೆ, ಕೆಲವೊಮ್ಮೆ ಕಾಗದದಂಥ ಹಾಳೆ ಅಂಟಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೆಲೆ ಯಾಕೆ ಜಾಸ್ತಿ ಅಂತ ನೀವು ಬಾಯಿಬಿಟ್ಟು ಹೇಳುವುದೇ ಬೇಡ.

ಮಾಡಬಾರದ್ದು ಮೂರು. ಹಳೆಯ ಅಂಗಿಗೆ ಗುಂಡುಪಿನ್ನು ಚುಚ್ಚಬೇಡಿ, ಭುಜದಗಲ ಇರುವ ದಪ್ಪ ಹ್ಯಾಂಗರಿಗೆ ಬಟ್ಟೆ ಸುತ್ತಿ ನೇತುಹಾಕಿ. ನೇರ ಬಿಸಿಲಿಗೆ ಇಡಬೇಡಿ, ಬಣ್ಣ ಮಾಸುತ್ತದೆ. ಫೋಟೊಗಾಗಿ ಹಳೆಯ ಅಂಗಿಯನ್ನು ಬಂದವರಿಗೆಲ್ಲ ತೊಡಿಸಬೇಡಿ. ತೊಡಿಸಲು ಬೇರೆ ಎರಡು ಹೊಸ ಅಂಗಿ ಇಟ್ಟುಕೊಳ್ಳಿ.

ಪ್ರತಿ ವಸ್ತುವಿನ ಮುಂದೆ ಸಣ್ಣ ಚೀಟಿ ಇರಲಿ. ಏನು, ಯಾವ ಊರು, ಮಾಡಿದವರು ಯಾರು (ಅವರು ಒಪ್ಪಿದರೆ ಹೆಸರು), ಎಷ್ಟು ದಿನ ಹಿಡಿಯಿತು. ಕೊನೆಯ ಸಾಲನ್ನು ಬಿಡಲೇಬೇಡಿ. ಜನ ಎಲ್ಲಕ್ಕಿಂತ ಹೆಚ್ಚು ಓದುವುದು ಅದನ್ನೇ.

ಬಣ್ಣದ ತಟ್ಟೆಗಳಲ್ಲಿ ತಿಂಡಿ ಇಟ್ಟು ಕೊಡಬೇಡಿ. ಅಲಂಕಾರದ ಮಡಕೆಗಳ ಮೆರುಗಿನಲ್ಲಿ ಸೀಸ ಇರಬಹುದು. ಊಟಕ್ಕೆ ಬಳಸಬಹುದಾ ಅಂತ ಕುಂಬಾರರನ್ನೇ ಕೇಳಿ, ಚೀಟಿಯ ಮೇಲೆ ಬರೆಯಿರಿ.

ಹಂತ 5: ಬಂದವರ ಕೈಗೆ ಕೆಲಸ ಕೊಡಿ

ಸ್ಟಾಲಿನ ಅರ್ಧ ಜಾಗ ಇದಕ್ಕೆ ಮೀಸಲಿಡಿ. ಎರಡು ಕೆಲಸ ಸಾಕು.

ಮೊದಲನೆಯದು ಮರ್ತ್ಸಿಶೋರ್. ಕೆಂಪು, ಬಿಳಿ ದಾರ ಹೊಸೆದು ಮಾರ್ಚ್ 1ರಂದು ಕೊಡುವ ಪುಟ್ಟ ಉಡುಗೊರೆ. ಚಳಿಗಾಲ ಮುಗಿಯಿತು ಅನ್ನುವ ಗುರುತು. ಎದೆಗೆ ಸಿಕ್ಕಿಸಿಕೊಂಡು ಕೆಲವು ದಿನ ಓಡಾಡಿ, ಆಮೇಲೆ ಚಿಗುರುವ ಮರದ ಕೊಂಬೆಗೆ ಕಟ್ಟುತ್ತಾರೆ. ಬಲ್ಗೇರಿಯಾ, ಉತ್ತರ ಮ್ಯಾಸಿಡೋನಿಯಾ, ಮಾಲ್ಡೋವಾಗಳಲ್ಲೂ ಇದೆ. ನಾಲ್ಕೂ ದೇಶ ಸೇರಿ 2017ರಲ್ಲಿ ಯುನೆಸ್ಕೊ ಪಟ್ಟಿಗೆ ಹಾಕಿಸಿದವು.

ಮಾಡಿಸುವ ರೀತಿ ಹೀಗೆ. ಮೊಳದುದ್ದದ ಒಂದು ಕೆಂಪು, ಒಂದು ಬಿಳಿ ದಪ್ಪ ಹತ್ತಿ ದಾರ. ಎರಡೂ ತುದಿಗೆ ಗಂಟು. ಒಂದು ತುದಿಯನ್ನು ಮಗು ಹಿಡಿದುಕೊಳ್ಳಲಿ, ಇನ್ನೊಂದನ್ನು ಅಮ್ಮ. ಮಗು ಬಲಕ್ಕೆ ಹೊಸೆಯುತ್ತಾ ಹೋಗಲಿ, ಅಮ್ಮ ಬಿಗಿಯಾಗಿ ಹಿಡಿದಿರಲಿ. ದಾರ ಗಟ್ಟಿಯಾಗಿ ಸುರುಳಿ ಬೀಳಲು ಶುರುವಾದಾಗ ಮಧ್ಯದಲ್ಲಿ ಮಡಚಿ ಎರಡು ತುದಿ ಸೇರಿಸಿ. ಮಡಚಿದ ಕಡೆ ಕೈ ಬಿಟ್ಟರೆ ಸಾಕು, ಎರಡು ಎಳೆಯೂ ತಾವೇ ಒಂದರ ಸುತ್ತ ಒಂದು ಸುತ್ತಿಕೊಳ್ಳುತ್ತವೆ. ಆ ಕ್ಷಣಕ್ಕೆ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು! ತುದಿಗೆ ಕುಚ್ಚು ಕಟ್ಟಿ ಕೊಡಿ. ಐದು ನಿಮಿಷದ ಕೆಲಸ. ಹಬ್ಬ ಬೇಸಿಗೆಯಲ್ಲಿದ್ದರೆ "ಇದು ನಿಜಕ್ಕೂ ಮಾರ್ಚ್ ತಿಂಗಳದ್ದು" ಅಂತ ಹೇಳಿಯೇ ಕೊಡಿ.

ಎರಡನೆಯದು ಮೊಟ್ಟೆಯ ಮೇಲೆ ಮೇಣದ ಚಿತ್ತಾರ. ಈಸ್ಟರ್ ಹಬ್ಬದ್ದು. ಕಿಶಿತ್ಸ ಅಂದರೆ ಕಡ್ಡಿಯ ತುದಿಗೆ ಕೂರಿಸಿದ ಸೂಜಿಯಷ್ಟು ಸಣ್ಣ ಲೋಹದ ಕೊಳವೆ. ಅದನ್ನು ಕರಗಿದ ಜೇನುಮೇಣಕ್ಕೆ ಅದ್ದಿ ಮೊಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ. ಮೇಣ ಇದ್ದ ಕಡೆ ಬಣ್ಣ ಹತ್ತುವುದಿಲ್ಲ. ಮೊದಲು ಬಿಳಿಯ ಮೇಲೆ ಗೆರೆ, ಹಳದಿಗೆ ಅದ್ದಿ ಮತ್ತೆ ಗೆರೆ, ಕೆಂಪಿಗೆ ಅದ್ದಿ ಮತ್ತೆ ಗೆರೆ, ಕೊನೆಗೆ ಕಪ್ಪು. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗಬೇಕು, ಹಿಂದುಮುಂದಾದರೆ ಕೆಟ್ಟಿತು. ಆಮೇಲೆ ಬಿಸಿ ತಾಗಿಸಿ ಬಟ್ಟೆಯಿಂದ ಒರೆಸಿದರೆ ಕರಿ ಮೇಣದಡಿಯಿಂದ ಒಂದೊಂದೇ ಬಣ್ಣ ಹೊರಬರುತ್ತದೆ.

ಇಷ್ಟೆಲ್ಲ ಹಬ್ಬದಲ್ಲಿ ಮಾಡಿಸಲು ಆಗುವುದಿಲ್ಲ. ಬಂದವರಿಗೆ ಒಂದೇ ಬಣ್ಣ ಸಾಕು, ಬಿಳಿ ಗೆರೆ, ಕೆಂಪು ಮೊಟ್ಟೆ. ನಾಲ್ಕು ಹಂತದ ನಾಲ್ಕು ಮೊಟ್ಟೆಗಳನ್ನು ಮೊದಲೇ ತಯಾರಿಸಿ ಸಾಲಾಗಿ ಇಡಿ, ಕೊನೆಯದನ್ನು ಮಾತ್ರ ಎಲ್ಲರ ಮುಂದೆ ಒರೆಸಿ ತೋರಿಸಿ. ಮೇಣದಬತ್ತಿ ಹಚ್ಚಬೇಡಿ. ಟೆಂಟಿನೊಳಗೆ ಬೆಂಕಿ ಹೆಚ್ಚಿನ ಕಡೆ ಬಿಡುವುದಿಲ್ಲ, ಗಾಳಿಗೆ ಆರುತ್ತದೆ ಕೂಡ. ಮೇಣ ಕರಗಿಸುವ ಸಣ್ಣ ಕರೆಂಟ್ ಪಾತ್ರೆ ತನ್ನಿ. ಮೇಣದ ಬಳಿ ಯಾವಾಗಲೂ ಒಬ್ಬರು ದೊಡ್ಡವರು ಕೂತಿರಲಿ, ಮಕ್ಕಳನ್ನು ಇಬ್ಬರಿಗಿಂತ ಹೆಚ್ಚು ಕೂರಿಸಬೇಡಿ. ಚಿಕ್ಕ ಮಕ್ಕಳಿಗೆ ಮರದ ಮೊಟ್ಟೆ, ಬಣ್ಣದ ಪೆನ್ಸಿಲ್ ಕೊಡಿ.

ಹಂತ 6: ಸಂಗೀತ

ಧ್ವನಿಮುದ್ರಿತ ಹಾಡು ಇಡೀ ದಿನ ಹಾಕಿಡುವುದು ಬೇಡ. ಅರ್ಧ ಗಂಟೆಯಲ್ಲಿ ಅದು ಬರೀ ಸದ್ದಾಗುತ್ತದೆ. ಒಬ್ಬರೇ ಒಬ್ಬರು ಎದುರು ನಿಂತು ನುಡಿಸಿದರೂ ಸಾಕು, ದಿನಕ್ಕೆ ಮೂರು ಸಲ, ಇಪ್ಪತ್ತು ಇಪ್ಪತ್ತು ನಿಮಿಷ.

ವಾದ್ಯಗಳನ್ನು ಕನ್ನಡದವರಿಗೆ ಹೀಗೆ ಹೇಳಬಹುದು. ನಾಯ್ ಅಂದರೆ ಸಾಲಾಗಿ ಜೋಡಿಸಿದ ಕೊಳವೆಗಳ ಕೊಳಲು. ಪ್ರತಿ ಕೊಳವೆಯ ತಳಕ್ಕೆ ಜೇನುಮೇಣ ತುಂಬಿ ಶ್ರುತಿ ಮಾಡುತ್ತಾರೆ. ಗಿಯೋರ್ಗೆ ಜಂಫಿರ್ ಇದನ್ನು ಲೋಕಕ್ಕೆಲ್ಲ ಕೇಳಿಸಿದವರು. ತ್ಸಂಬಾಲ್ ನಮ್ಮ ಸಂತೂರಿನ ಬಳಗದ್ದು, ತಂತಿಗಳನ್ನು ಎರಡು ಕಡ್ಡಿಯಿಂದ ಬಡಿಯುವುದು. ಕೋಬ್ಜ ಗಿಡ್ಡ ಕತ್ತಿನ ತಂತಿವಾದ್ಯ, 2025ರಲ್ಲಿ ಯುನೆಸ್ಕೊ ಪಟ್ಟಿಗೆ ಬಂತು. ಇದರ ದನಿ ಸಣ್ಣದು, ಮೈಕ್ ಇಲ್ಲದೆ ಬಯಲಿನಲ್ಲಿ ಕೇಳಿಸುವುದಿಲ್ಲ.

ಹಾಡಿನ ಕ್ರಮ ಮುಖ್ಯ. ಮೊದಲು ದೋಯ್ನ. ಇದು ಒಬ್ಬರೇ ಹಾಡುವ, ತಾಳದ ಕಟ್ಟಿಲ್ಲದ ಹಾಡು. ನಮ್ಮ ಆಲಾಪನೆಯ ಹಾಗೆ ಹಾಡುವವರ ಮನಸ್ಸಿನಂತೆ ಬೆಳೆಯುತ್ತದೆ. ಅದರ ತುಂಬಾ ಇರುವುದು ದೋರ್, ಅಂದರೆ ಹಂಬಲ. ದೂರ ಹೋದವರ, ಬಿಟ್ಟುಬಂದ ಊರಿನ ಹಂಬಲ. ಪರದೇಶದಲ್ಲಿ ಕೂತು ಇದನ್ನು ಕೇಳುವಾಗ ರೊಮೇನಿಯಾದ ಹಿರಿಯರ ಕಣ್ಣು ಒದ್ದೆಯಾಗುತ್ತದೆ, ಭಾಷೆ ಬಾರದ ನಾನೂ ಮೊದಲ ಸಲ ಅತ್ತಿದ್ದೇನೆ. ಅದಾದ ಮೇಲೆ ಎರಡು ನಿಮಿಷ ಬಿಟ್ಟು ವೃತ್ತದ ಕುಣಿತ ಹೋರದ ಹಾಡು, ಕೊನೆಗೆ ಚುರುಕಾದ ಸರ್ಬ ಕುಣಿತದ್ದು. ಮೊದಲೇ ಸರ್ಬ ಹಾಕಿದರೆ ಆಮೇಲೆ ದೋಯ್ನಕ್ಕೆ ಯಾರೂ ಸುಮ್ಮನಾಗುವುದಿಲ್ಲ.

ನುಡಿಸುವವರು ಸಿಗಲಿಲ್ಲವಾ? ಊರಿನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳನ್ನು ಕೇಳಿ. ಹಂಗೇರಿಯ ಬೇಲಾ ಬಾರ್ಟೋಕ್ ಟ್ರಾನ್ಸಿಲ್ವೇನಿಯಾದ ಹಳ್ಳಿಗಳಿಂದ ಆಯ್ದ ರೊಮೇನಿಯನ್ ಧಾಟಿಗಳನ್ನು 1915ರಲ್ಲಿ ಪಿಯಾನೊಗೆ ಹೊಂದಿಸಿದರು. ಆಮೇಲೆ ಅವು ಪಿಟೀಲಿಗೂ ಬಂದವು. ಪಿಟೀಲು ಕಲಿಯುವ ಎಷ್ಟೋ ಮಕ್ಕಳಿಗೆ ಅವು ಬಾಯಿಪಾಠ.

ಹಕ್ಕುಗಳ ವಿಷಯ. ಜನಪದ ಧಾಟಿ ಯಾರ ಸ್ವತ್ತೂ ಅಲ್ಲ. ಆದರೆ ಅದರ ಹೊಸ ಹೊಂದಾಣಿಕೆಗೆ, ಧ್ವನಿಮುದ್ರಣಕ್ಕೆ ಹಕ್ಕುದಾರರಿರುತ್ತಾರೆ. ಸಾರ್ವಜನಿಕವಾಗಿ ಹಾಕಲು ಪರವಾನಗಿ ಬೇಕು. ಬ್ರಿಟನ್‌ನಲ್ಲಿ ಪಿಪಿಎಲ್ ಪಿಆರ್‌ಎಸ್, ಜರ್ಮನಿಯಲ್ಲಿ ಗೆಮಾ ಇದನ್ನು ನೋಡಿಕೊಳ್ಳುತ್ತವೆ. ಸಾಮಾನ್ಯವಾಗಿ ಸಂಘಟಕರೇ ತೆಗೆದುಕೊಂಡಿರುತ್ತಾರೆ, ಆದರೂ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಇನ್ನೊಂದು ಹೇಳಲೇಬೇಕು. ಮದುವೆ ಮನೆಗಳಲ್ಲಿ ನುಡಿಸುವ ವೃತ್ತಿ ಸಂಗೀತಗಾರರಿಗೆ ಲೌತಾರಿ ಅನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ರೋಮಾ ಜನ, ತಲೆಮಾರುಗಳಿಂದ ಅಪ್ಪನಿಂದ ಮಗನಿಗೆ ಕಲಿಸಿಕೊಂಡು ಬಂದವರು. ಈ ಜನ 1850ರ ದಶಕದವರೆಗೆ ಆ ನೆಲದಲ್ಲಿ ಗುಲಾಮರಾಗಿದ್ದರು. ಅವರ ಹಾಡು ಬಳಸಿ ಅವರ ಹೆಸರು ಬಿಡುವುದು ಅನ್ಯಾಯ. ಚೀಟಿಯಲ್ಲಿ ರೋಮಾ ಸಂಗೀತಗಾರರು ಅಂತಲೇ ಬರೆಯಿರಿ.

ಹಂತ 7: ಹೋರ ಕುಣಿಸಿ

ಹೋರ ಅಂದರೆ ಕೈ ಕೈ ಹಿಡಿದು ವೃತ್ತದಲ್ಲಿ ಕುಣಿಯುವುದು. ಹೊಸಬರಿಗೆ ಈ ಸರಳ ರೂಪ ಕಲಿಸಿ. ಮೊಣಕೈ ಮಡಚಿ ಭುಜದ ಎತ್ತರಕ್ಕೆ ಕೈ ಹಿಡಿಯಿರಿ. ವೃತ್ತದ ನಡುವಿಗೆ ಮೂರು ಹೆಜ್ಜೆ, ನಾಲ್ಕಕ್ಕೆ ಕಾಲು ಜೋಡಿಸಿ. ಹಿಂದಕ್ಕೆ ಮೂರು, ನಾಲ್ಕಕ್ಕೆ ಜೋಡಿಸಿ. ಆಮೇಲೆ ಬಲಕ್ಕೆ ನಡೆದು ಮತ್ತೆ ಮೊದಲಿನಿಂದ. ಬಾಯಲ್ಲಿ ಎಣಿಸಬೇಡಿ, ಗೊತ್ತಿರುವವರನ್ನು ಹೊಸಬರ ಮಧ್ಯೆ ಒಬ್ಬೊಬ್ಬರಾಗಿ ನಿಲ್ಲಿಸಿ. ಕೈಯ ಎಳೆತದಿಂದಲೇ ಕಾಲು ಕಲಿಯುತ್ತದೆ. ಗಾಲಿಕುರ್ಚಿಯವರು ಬಂದರೆ ವೃತ್ತ ಬಿಡಿಸಿ ಸೇರಿಸಿಕೊಳ್ಳಿ, ವೇಗ ಕಮ್ಮಿ ಮಾಡಿ. ಟೆಂಟಿನ ಹಗ್ಗದಿಂದ ಐದಾರು ಹೆಜ್ಜೆ ದೂರ ಕುಣಿಯಿರಿ.

ಒಲ್ಟೇನಿಯಾ ಕಡೆ ಗಂಡಸರು ಕಾಲಿಗೆ ಗೆಜ್ಜೆ ಕಟ್ಟಿ, ಕೋಲು ಹಿಡಿದು ಕುಣಿಯುವ ಕಲೂಶ್ ಎಂಬ ಕುಣಿತ ಇದೆ. ನೋಡಲು ತುಂಬಾ ಚೆಂದ. ಆದರೆ ಅದು ವ್ರತದಂತೆ ನಡೆಯುವ ಆಚರಣೆ, ತರಬೇತಾದ ತಂಡ ಬೇಕು. ಬಂದವರಿಂದ ಮಾಡಿಸುವಂಥದ್ದಲ್ಲ.

ಹಂತ 8: ಬರುವ ಪ್ರಶ್ನೆಗಳಿಗೆ ಸಿದ್ಧರಾಗಿ

ಡ್ರಾಕುಲಾ ಬಗ್ಗೆ ಕೇಳೇ ಕೇಳುತ್ತಾರೆ. ಸಿಟ್ಟಾಗಬೇಡಿ. "ಆ ಕಥೆ 1897ರಲ್ಲಿ ಐರಿಷ್ ಲೇಖಕರೊಬ್ಬರು ಬರೆದದ್ದು, ಬನ್ನಿ ನಮ್ಮೂರಿನ ದಾರ ನೋಡಿ" ಅಂತ ಹೇಳಿ ಕೈಗೆ ದಾರ ಕೊಟ್ಟುಬಿಡಿ. ರಕ್ತ, ಕೋರೆಹಲ್ಲಿನ ಅಲಂಕಾರ ಸ್ಟಾಲಿನಲ್ಲಿ ಬೇಡವೇ ಬೇಡ.

ಬೆಲೆ ಜಾಸ್ತಿ ಅಂದವರ ಜೊತೆ ಚೌಕಾಶಿಗೆ ಇಳಿಯಬೇಡಿ. ಹೆಣೆಯಲು ಹಿಡಿದ ದಿನಗಳ ಚೀಟಿ ತೋರಿಸಿ. ಕಡಿಮೆ ದುಡ್ಡಿನವರಿಗಾಗಿ ಮರದ ಚಮಚ, ದಾರದ ಕುಚ್ಚು ಇಟ್ಟುಕೊಂಡಿರಿ. ಚಿಲ್ಲರೆ ಮರೆಯಬೇಡಿ, ಕಾರ್ಡ್ ಯಂತ್ರಕ್ಕೆ ಬಯಲಲ್ಲಿ ಸಿಗ್ನಲ್ ಸಿಗದೆ ಹೋಗಬಹುದು.

ಹಂತ 9: ದಿನ ಮುಗಿದ ಮೇಲೆ

ಕತ್ತಲಾಗುವ ಮೊದಲೇ ಬಟ್ಟೆಗಳನ್ನು ತೆಗೆಯಿರಿ. ಇಬ್ಬನಿ ತಾಗಿದರೆ ಕೆಂಪು ದಾರ ಬಿಳಿಗೆ ಬಣ್ಣ ಬಿಡಬಹುದು. ಬಟ್ಟೆಯ ಮಡಿಕೆಗಳ ನಡುವೆ ಬಿಳಿ ಕಾಗದ ಇಟ್ಟು ಸಡಿಲವಾಗಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ಕಾರ್ನೆ ಪಟ್ಟಿ ಕೈಲಿ ಹಿಡಿದು ಒಂದೊಂದೇ ಎಣಿಸಿ ಪೆಟ್ಟಿಗೆಗೆ ಹಾಕಿ. ಸುಸ್ತಾಗಿರುತ್ತದೆ, ನಾಳೆ ಎಣಿಸೋಣ ಅನ್ನಿಸುತ್ತದೆ. ಇವತ್ತೇ ಎಣಿಸಿ. ಒಂದು ವಾರದೊಳಗೆ ಯಾವುದು ಮಾರಿತು, ಎಷ್ಟಕ್ಕೆ, ಜನ ಏನು ಕೇಳಿದರು ಅಂತ ಬರೆದು, ದುಡ್ಡಿನ ಜೊತೆ ಹಳ್ಳಿಯಲ್ಲಿರುವ ಕುಶಲಕರ್ಮಿಗೆ ಕಳಿಸಿ. ಅವರ ಅಂಗಿಯ ಮುಂದೆ ಜನ ನಿಂತಿರುವ ಒಂದು ಫೋಟೊವನ್ನೂ ಅದರ ಜೊತೆಗಿಡಿ.